ಏಳು ಸಲದ ಕತ್ತಿ ಮತ್ತು ಒಂಬತ್ತನೇ ಹಾಸಿಗೆ

೧೯೫೯ರ ನವೆಂಬರಿನಲ್ಲಿ ನಾನು ಪುತ್ತೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಗಂಡಸರ ವಾರ್ಡಿನ ಸಿಸ್ಟರ್ ಆಗಿದ್ದೆ. ಹದಿನಾಲ್ಕು ಹಾಸಿಗೆ, ನನ್ನ ಕೈಕೆಳಗೆ ಇಬ್ಬರು ನರ್ಸುಗಳು, ಒಬ್ಬ ಅಟೆಂಡರ್. ಇವರೆಲ್ಲರಿಗಿಂತ ಹೆಚ್ಚು ಕೆಲಸ ಮಾಡುವುದು ಸಿಸ್ಟರ ನಾಲಿಗೆ ಎಂದು ನಮ್ಮ ಡಾಕ್ಟರು ಹೇಳುತ್ತಿದ್ದರು. ನಾನು ಅಲ್ಲಗಳೆಯುವುದಿಲ್ಲ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ವಾಡಿಕೆ. ನನ್ನನ್ನು ಹಾಗೆ ಕರೆಯಲು ಬೇರೆಯೇ ಕಾರಣ ಉಂಟು ಎಂದು ರೋಗಿಗಳು ಬೆನ್ನ ಹಿಂದೆ ನಗುತ್ತಿದ್ದದ್ದೂ ನನಗೆ ಗೊತ್ತಿತ್ತು.

ಆ ತಿಂಗಳ ಮೊದಲ ವಾರದಲ್ಲಿ ಕಡಬದ ಕಡೆಯಿಂದ ಒಂದು ಮರದ ಲಾರಿಯಲ್ಲಿ ಸೇಸಪ್ಪ ಗೌಡನನ್ನು ಮಲಗಿಸಿಕೊಂಡು ಬಂದರು. ಇಪ್ಪತ್ತೇಳರ ಪ್ರಾಯ, ಕಾಡಿನಲ್ಲಿ ಕಡಿದ ಮರಗಳನ್ನು ಲಾರಿಗೆ ಏರಿಸುವ ಕೆಲಸ. ಏರಿಸುವಾಗ ಒಂದು ದಿಮ್ಮಿ ಜಾರಿ ಬಲ ತೊಡೆಯ ಮೇಲೆ ಉರುಳಿತ್ತು. ತೊಡೆಯ ಮೂಳೆಗೆ ಫೀಮರ್ ಎನ್ನುತ್ತಾರೆ, ದೇಹದಲ್ಲೇ ಅತಿ ದೊಡ್ಡ ಮೂಳೆ. ಅದು ನಡುವಿನಲ್ಲಿ ಮುರಿದಿತ್ತು. ಅವನಿಗೆ ಒಂಬತ್ತನೇ ಹಾಸಿಗೆ ಕೊಟ್ಟೆವು.

ಈಗಿನ ಹಾಗೆ ಆಪರೇಷನ್ ಮಾಡಿ ಒಳಗೆ ಸಲಾಕೆ ಕೂರಿಸುವ ಅನುಕೂಲ ನಮ್ಮಂಥ ಆಸ್ಪತ್ರೆಯಲ್ಲಿ ಆಗ ಇರಲಿಲ್ಲ. ಇದ್ದದ್ದು ಟ್ರಾಕ್ಷನ್, ಎಂದರೆ ಎಳೆತದ ಚಿಕಿತ್ಸೆ. ತೊಡೆಯ ಸ್ನಾಯುಗಳು ಬಹಳ ಬಲವಾದವು. ಮೂಳೆ ಮುರಿದ ಕೂಡಲೇ ಅವು ಬಿಗಿದು ಎರಡು ತುಂಡುಗಳನ್ನು ಒಂದರ ಮೇಲೊಂದು ಏರಿಸಿಬಿಡುತ್ತವೆ. ಹಾಗೆಯೇ ಬಿಟ್ಟರೆ ಮೂಳೆ ಕೂಡಿಕೊಳ್ಳುತ್ತದೆ, ಆದರೆ ಕಾಲು ಎರಡು ಇಂಚು ಗಿಡ್ಡವಾಗುತ್ತದೆ. ಅದಕ್ಕೆ ಮೊಣಕಾಲಿನ ಕೆಳಗೆ ಮೂಳೆಯಲ್ಲಿ ಒಂದು ಸ್ಟೀಲ್ ಪಿನ್ ತೂರಿಸಿ, ಅದಕ್ಕೆ ಹಗ್ಗ ಕಟ್ಟಿ, ಹಗ್ಗವನ್ನು ಹಾಸಿಗೆಯ ಕಾಲುಬದಿಯ ರಾಟೆಯ ಮೇಲೆ ಹಾಯಿಸಿ, ತುದಿಯಲ್ಲಿ ಇಪ್ಪತ್ತು ರಾತ್ತಲಿನ, ಈಗಿನ ಲೆಕ್ಕದಲ್ಲಿ ಒಂಬತ್ತು ಕಿಲೋದ, ಮರಳಿನ ಚೀಲ ತೂಗುಹಾಕುತ್ತಿದ್ದೆವು. ಹನ್ನೆರಡು ವಾರ ರೋಗಿ ಅಂಗಾತ ಮಲಗಿರಬೇಕು. ಏಳುವಂತಿಲ್ಲ, ಮಗ್ಗುಲಾಗುವಂತಿಲ್ಲ. ಬೆಟ್ಟ ಹತ್ತಿ ಇಳಿದು ದುಡಿಯುವ ಮನುಷ್ಯನಿಗೆ ಎರಡು ಇಂಚು ಗಿಡ್ಡ ಕಾಲೆಂದರೆ ಕೆಲಸ ಹೋದಂತೆಯೇ. ಇದನ್ನು ನಾನು ಅವನಿಗೆ ಮೊದಲ ದಿನವೇ ಬಿಡಿಸಿ ಹೇಳಿದ್ದೆ. ಅವನು ತಲೆಯಾಡಿಸಿದ್ದ.

ದಿನವೂ ಬೆಳಿಗ್ಗೆ ಟೇಪು ಹಿಡಿದು ಸೊಂಟದ ಮೂಳೆಯ ತುದಿಯಿಂದ ಪಾದದ ಒಳಗಂಟಿನವರೆಗೆ ಎರಡೂ ಕಾಲು ಅಳೆದು ಬರೆದಿಡುವುದು ನನ್ನ ಕೆಲಸ. ಒಂಬತ್ತನೆಯ ದಿನ ಅಳೆದರೆ ಬಲಗಾಲು ಮುಕ್ಕಾಲು ಇಂಚು ಕಡಿಮೆ ಬಂತು. ಬಗ್ಗಿ ನೋಡಿದೆ. ಮರಳಿನ ಚೀಲ ಗಾಳಿಯಲ್ಲಿ ತೂಗುವ ಬದಲು ಒಂದು ಸ್ಟೂಲಿನ ಮೇಲೆ ಆರಾಮಾಗಿ ಕೂತಿತ್ತು. ನೋಡಲು ಬಂದ ಯಾರೋ ನೆಂಟನ ಕೈಯಿಂದ ಎತ್ತಿಸಿ ಇಡಿಸಿದ್ದನಂತೆ.

"ಸ್ವಲ್ಪ ಹೊತ್ತಿಗೆ ಅಂತ ಬಾಯಮ್ಮ," ಎಂದ ಸೇಸಪ್ಪ. "ಕೂತುಕೊಂಡು ಒಂದು ಎಲೆಯಡಿಕೆ ಹಾಕುವ ಅಂತ. ಅಂಗಾತ ಮಲಗಿ ಎಷ್ಟು ಅಂತ ಮಾಡಿನ ಹಂಚು ನೋಡುದು?"

ನಾನು ಬೈದ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ. ಉಳಿದ ಹದಿಮೂರು ಹಾಸಿಗೆಯವರೂ ಮಗ್ಗುಲಾಗಿ ಗೋಡೆ ನೋಡಿದರು ಎಂದರೆ ಸಾಕು. ಮುಗಿಸಿ ತಿರುಗಿದಾಗ ಹತ್ತನೇ ಹಾಸಿಗೆಯಿಂದ ಇಸುಬು ಬ್ಯಾರಿಗಳು ಗಂಟಲು ಸರಿಮಾಡಿಕೊಂಡರು. ಅರಂತೋಡಿನಲ್ಲಿ ರಸ್ತೆ ಬದಿ ದಿನಸಿ ಅಂಗಡಿ ಇಟ್ಟಿದ್ದ ಐವತ್ತೈದರ ಮನುಷ್ಯ. ನಮ್ಮ ಕಡೆಯ ಮುಸ್ಲಿಂ ವ್ಯಾಪಾರಿಗಳನ್ನು ಹೀಗೆ ಬ್ಯಾರಿಗಳು ಎಂದು ಬಹುವಚನದಲ್ಲೇ ಕರೆಯುವುದು. ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಹುಣ್ಣಾಗಿ, ದಿನವೂ ಇನ್ಸುಲಿನ್, ದಿನವೂ ಡ್ರೆಸ್ಸಿಂಗ್ ಎಂದು ಒಂದು ತಿಂಗಳಿಂದ ನಮ್ಮಲ್ಲೇ ಇದ್ದರು.

"ಬೈದದ್ದು ಸಾಕು ಬಾಯಮ್ಮ," ಎಂದರು. "ಅವನ ಕಾಲಿಗೆ ಮದ್ದು ನೀವು ಮಾಡ್ತಾ ಇದ್ದೀರಿ. ತಲೆಗೆ ಕೆಲಸ ಇಲ್ಲ, ಅದಕ್ಕೆ ಯಾರೂ ಎಂತದ್ದೂ ಕೊಡ್ಲಿಲ್ಲ. ನನ್ನತ್ರ ಒಂದುಂಟು."

ಮರುದಿನ ಅವರ ಹೆಂಡತಿ ಅಂಗಡಿಯಿಂದ ಒಂದು ಕಟ್ಟು ತಂದರು. ಬಿಚ್ಚಿದರೆ ಏಳು ಸಣ್ಣ ಪುಸ್ತಕಗಳು, ಅಂಗೈಯಗಲದವು. ಜೀರಿಗೆ, ಒಣಮೆಣಸು ಕಟ್ಟಿಕೊಡಲು ಬ್ಯಾರಿಗಳು ಹಳೆಯ ಕಾಗದವನ್ನು ತೂಕಕ್ಕೆ ಕೊಳ್ಳುತ್ತಿದ್ದರು. ಹಾಗೆ ಬಂದ ಮೂಟೆಯೊಂದರಲ್ಲಿ ಇವು ಸಿಕ್ಕಿದ್ದವಂತೆ. ಒಂದರ ಹಾಳೆ ಹರಿದು ಮೆಣಸು ಕಟ್ಟಲು ಹೊರಟವರು ಅದರಲ್ಲಿ ನಾಲ್ಕು ಸಾಲು ಓದಿದರು, ಮೆಣಸು ತೆಗೆದುಕೊಳ್ಳಲು ಬಂದವನು ಕಾದು ಕಾದು ಹೊರಟುಹೋದ, ಆ ಪುಸ್ತಕಗಳು ಅಂಗಡಿಯ ಮೇಲಿನ ಹಲಗೆ ಸೇರಿದವು.

ಮಾಲೆಯ ಹೆಸರು 'ಏಳು ಸಲದ ಕತ್ತಿ'. ಒಟ್ಟು ಎಂಟು ಭಾಗವೆಂದು ಹಿಂದಿನ ರಟ್ಟಿನ ಮೇಲೆ ಅಚ್ಚಾಗಿತ್ತು. ಎಂಟನೆಯದು ಮೂಟೆಯಲ್ಲಿ ಇರಲಿಲ್ಲ. ಲೇಖಕರ ಹೆಸರಿನ ಜಾಗದಲ್ಲಿ ಎರಡು ಅಕ್ಷರ ಮಾತ್ರ. ಮುದ್ರಿಸಿದ ಪ್ರೆಸ್ಸು ಘಟ್ಟದ ಮೇಲಿನ ಯಾವುದೋ ಊರಿನದು. ಕಾಗದ ತೌಡಿನ ಬಣ್ಣಕ್ಕೆ ತಿರುಗಿತ್ತು. ರಟ್ಟಿನ ಮೇಲೆ ಮೀಸೆಯ ಯೋಧನೊಬ್ಬ ಸಿಂಹದ ಎದುರು ನಿಂತಿದ್ದ, ಆ ಸಿಂಹವೋ ನಮ್ಮ ಆಸ್ಪತ್ರೆಯ ಹಿತ್ತಿಲಿನ ನಾಯಿಗಿಂತ ಹೆಚ್ಚು ಭಯಂಕರವಾಗಿರಲಿಲ್ಲ. ನಾನು ಶಾಲೆಯಲ್ಲಿ ಒಳ್ಳೆಯ ಪುಸ್ತಕ ಓದಿ ಬಹುಮಾನ ಪಡೆದವಳು. ಮೂಗು ಮುರಿದೆ. ಸದ್ದಿಲ್ಲದೆ ಓದುವುದಾದರೆ ಸಂಜೆ ಐದರಿಂದ ಆರು, ಅದರ ಮೇಲೆ ಒಂದು ನಿಮಿಷ ಇಲ್ಲ ಎಂದೆ.

ಸೇಸಪ್ಪನಿಗೆ ಓದು ಬಾರದು. ಬ್ಯಾರಿಗಳು ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಕಲಿತವರು. ಅವರು ಗಟ್ಟಿಯಾಗಿ ಓದತೊಡಗಿದರು. ಏರಿಳಿತವಿಲ್ಲ, ನಾಟಕವಿಲ್ಲ, ಅಂಗಡಿಯ ಸಾಮಾನಿನ ಪಟ್ಟಿ ಓದುವ ಹಾಗೆ ಪ್ರತಿ ಮಾತಿಗೂ ಒಂದೇ ತೂಕ. ಅದರಿಂದಲೇ ಇರಬೇಕು, ಮಾಯಾವಿಯೂ ಹಾರುವ ಕುದುರೆಯೂ ಅರಂತೋಡಿನಲ್ಲೇ ಸಿಗುವ ವಸ್ತುಗಳಂತೆ ಕೇಳುತ್ತಿದ್ದವು.

ಕಥೆ ಇಷ್ಟು. ಅಭ್ರಕೇತು ಎಂಬವನು ದೋಣಿ ನಡೆಸುವವನ ಮಗ. ಅವನಿಗೆ ಹೊಳೆಯ ದಡದ ಒಬ್ಬ ಮುದುಕಿ ಒಂದು ಕತ್ತಿ ಕೊಡುತ್ತಾಳೆ. ಒರೆಯಿಂದ ತೆಗೆದರೆ ಎದುರು ಯಾವ ಸೈನ್ಯವೂ ನಿಲ್ಲದು. ಆದರೆ ಏಳು ಸಲ ಮಾತ್ರ ತೆಗೆಯಬಹುದು, ಏಳನೆಯ ಸಲ ತೆಗೆದವನ ಪ್ರಾಣವನ್ನು ಕತ್ತಿಯೇ ಕೊಂಡುಹೋಗುತ್ತದೆ. ಮುದುಕಿ ಆ ಮೊದಲ ಪುಸ್ತಕದಲ್ಲಿ ಇನ್ನೂ ಎಷ್ಟೋ ಹೇಳಿದ್ದಳು. ಅದೆಲ್ಲ ನನ್ನ ಕಿವಿಗೆ ಬೀಳಲಿಲ್ಲ. ಕತ್ತಿಯ ನಿಯಮವೊಂದು ನೆನಪಿಗೆ ನಿಂತಿತು.

ವಾರದೊಳಗೆ ಅಭ್ರಕೇತು ವಾರ್ಡಿನಲ್ಲಿ ಕೇತಣ್ಣನಾದ. ಅವನಲ್ಲಿ ರಾಜಗಾಂಭೀರ್ಯ ಎಂಬುದು ಒಂದು ಚೂರೂ ಇರಲಿಲ್ಲ, ಅದೇ ಎಲ್ಲರಿಗೂ ಹಿಡಿಸಿದ್ದು. ಯಾವ ಊರಿಗೆ ಹೋದರೂ ಮೊದಲು ಊಟ ಕೇಳುತ್ತಾನೆ, ಯುದ್ಧ ಆಮೇಲೆ. ನಡೆದು ನಡೆದು ಅವನ ಕಾಲಲ್ಲಿ ಹುಣ್ಣಾಗುತ್ತದೆ. ಅದನ್ನು ಓದಿದ ದಿನ ಬ್ಯಾರಿಗಳು ಪುಸ್ತಕ ಕೆಳಗಿಟ್ಟು ತಮ್ಮ ಕಾಲು ನೋಡಿಕೊಂಡರು. ಪ್ರತಿ ಸಂಜೆ ಒಂದೇ ಪ್ರಶ್ನೆ, ಈ ಸಲ ತೆಗೆಯುತ್ತಾನೋ ಇಲ್ಲವೋ. ತೆಗೆಯಬೇಡ ಎಂದು ಒಂದು ಸಾಲಿನ ಹಾಸಿಗೆಯವರು, ತೆಗೆ ಎಂದು ಎದುರು ಸಾಲಿನವರು. ಹರ್ನಿಯಾ ಆಪರೇಷನ್ ಆಗಿ ಬಿಡುಗಡೆಯಾದ ಒಬ್ಬ ಮಾಸ್ಟ್ರು ದಿನವೂ ಐದು ಗಂಟೆಗೆ ಯಾರನ್ನೋ ನೋಡಲು ಬಂದೆ ಎಂದು ಸುಳ್ಳು ಹೇಳಿ ಬಂದು ಕೂರುತ್ತಿದ್ದರು. ಇನ್ನು ನಾನು. ಐದರಿಂದ ಆರರವರೆಗೆ ಪರದೆಯ ಹಿಂದೆ ನಿಂತು, ಆಗಲೇ ಮಡಚಿಟ್ಟ ಗಾಜ್ ಬಟ್ಟೆಯನ್ನು ಬಿಚ್ಚಿ ಬಿಚ್ಚಿ ಮಡಚುತ್ತಿದ್ದೆ. ಒಂದು ನಿಮಿಷ ಹೆಚ್ಚಿಲ್ಲ ಎಂದವಳು ಆರೂಕಾಲಕ್ಕೂ ಸುಮ್ಮನಿರುತ್ತಿದ್ದೆ.

ಒಂಬತ್ತನೇ ಹಾಸಿಗೆಯ ಚಾರ್ಟಿನ ಹಿಂದೆ ಯಾರೋ ಪೆನ್ಸಿಲಿನಲ್ಲಿ ಗೀಟು ಎಳೆದಿಡುತ್ತಿದ್ದರು. ಒಂದು ದಿನ ಡಾಕ್ಟರು ರೌಂಡ್ಸಿನಲ್ಲಿ ಅದನ್ನು ತಿರುಗಿಸಿ ನೋಡಿ ಕೇಳಿದರು: "ಐದು ಸಲ ಎಂತ ಸಿಸ್ಟರ್, ಎನಿಮಾವಾ?"

"ಕತ್ತಿ ಸರ್," ಎಂದ ಸೇಸಪ್ಪ ಮಲಗಿದಲ್ಲಿಂದಲೇ. "ಇನ್ನು ಒಂದೇ ಸಲ ಉಂಟು. ಅದರ ಮೇಲೆ ತೆಗೆದರೆ ಸತ್ತ."

ನಗು ಬಂದರೂ ನನ್ನ ಕಣ್ಣಿದ್ದದ್ದು ಟೇಪಿನ ಮೇಲೆ. ಪುಸ್ತಕ ಶುರುವಾದ ಮೇಲೆ ಸೇಸಪ್ಪ ಚೀಲ ಮುಟ್ಟಿಸಿರಲಿಲ್ಲ. ಮುಕ್ಕಾಲು ಇಂಚಿನ ಕೊರತೆ ಅರ್ಧವಾಯಿತು, ಆಮೇಲೆ ಕಾಲು ಇಂಚಿಗೆ ಇಳಿಯಿತು. ನನಗೆ ಅಷ್ಟು ಸಾಕಾಗಿತ್ತು.

ಆರನೇ ವಾರ ಏಳನೇ ಪುಸ್ತಕ ಮುಗಿಯಿತು. ಆರು ಸಲ ಕತ್ತಿ ತೆಗೆದಾಗಿತ್ತು. ಕೇತಣ್ಣನ ಊರಿನ ಜನರನ್ನೆಲ್ಲ ಮಾಯಾವಿಯೊಬ್ಬ ಕಾರ್ಮುಗಿಲ ಕೋಟೆಯಲ್ಲಿ ಸೆರೆಯಿಟ್ಟಿದ್ದಾನೆ. ಕೋಟೆಯ ಬಾಗಿಲ ಹೊರಗೆ ಕೇತಣ್ಣ ಕಾಯುತ್ತಾ ಕೂತಿದ್ದಾನೆ. ಕೊನೆಯ ಸಾಲಿನಲ್ಲಿ ಅವನ ಕೈ ಕತ್ತಿಯ ಹಿಡಿಯ ಮೇಲಿದೆ. ಮುಂದಿನದು ಎಂಟನೇ ಭಾಗದಲ್ಲಿ.

ಅದೇ ವಾರ ಸೇಸಪ್ಪನ ಸೋದರಮಾವ ಬಂದರು. ಮುಂಡಾಸು ಸುತ್ತಿದ, ಖಡಕ್ಕಾದ ಹಿರಿಯರು. ಪಿನ್ನು, ಹಗ್ಗ, ಚೀಲ ಎಲ್ಲ ನೋಡಿ ಅವರ ಮುಖ ಕೆಂಪಗಾಯಿತು. "ಕಳ್ಳನ ಹಾಗೆ ಕಟ್ಟಿ ಹಾಕಿದ್ದು ಎಂತಕ್ಕೆ ಬಾಯಮ್ಮ? ನಮ್ಮ ಊರಿನ ಪಂಡಿತರು ಹದಿನೈದು ದಿನದಲ್ಲಿ ಕಟ್ಟು ಬಿಚ್ಚಿ ನಡೆಸ್ತಾರೆ," ಎಂದರು. ನಾಟಿ ಪಂಡಿತರು ಕೈಮೂಳೆ ಎಷ್ಟು ಚೆನ್ನಾಗಿ ಕೂರಿಸುತ್ತಾರೆ ಎಂದು ನಾನೂ ಬಲ್ಲೆ. ಆದರೆ ಆರನೇ ವಾರದಲ್ಲಿ ಫೀಮರ್ ಇನ್ನೂ ಹಸಿ. ಎಳೆತ ತೆಗೆದು ಎತ್ತಿಕೊಂಡು ಹೋದರೆ ಕಾಲು ಮೊದಲ ದಿನದ ಸ್ಥಿತಿಗೇ ವಾಪಸು. ನಾನು ಹೇಳಿದ್ದು ಅವರ ಕಿವಿಯ ಹೊರಗೇ ಉಳಿಯಿತು.

ಸೇಸಪ್ಪನೂ ನನ್ನ ಮುಖ ನೋಡಲಿಲ್ಲ. ಕಥೆ ನಿಂತಂದಿನಿಂದ ಅವನು ಮಂಕಾಗಿದ್ದ, ಊಟ ಅರ್ಧಕ್ಕೆ ಬಿಡುತ್ತಿದ್ದ. "ಕೇತಣ್ಣ ಎಂತ ಆದ ಅಂತ ಗೊತ್ತಾಗದೆ ನಾನು ಬರುದಿಲ್ಲ ಮಾವ," ಎಂದ.

"ಯಾವ ಕೇತಣ್ಣ? ಇದೇ ಕೋಣೆಯವನಾ?"

"ಅವನಿಗೆ ತುಂಬ ಕಷ್ಟ ಉಂಟು," ಎಂದ ಸೇಸಪ್ಪ. ಮಾವ ವಾರ್ಡಿನ ಸುತ್ತ ಒಮ್ಮೆ ಕಣ್ಣು ಹಾಯಿಸಿ, ಇನ್ನೊಬ್ಬರ ಕಷ್ಟದ ಹೊತ್ತಿನಲ್ಲಿ ವಾದ ಬೇಡವೆಂದೋ ಏನೋ, ಹದಿನೈದು ದಿನ ಬಿಟ್ಟು ಭಾನುವಾರ ಜನ ಕರೆದುಕೊಂಡು ಬರುತ್ತೇನೆ, ಆಗ ಕರೆದುಕೊಂಡು ಹೋಗುವುದೇ ಸೈ ಎಂದು ಹೊರಟರು.

ಅವರು ಹೋದ ಮೇಲೆ ಬ್ಯಾರಿಗಳು ನನ್ನನ್ನು ವರಾಂಡಕ್ಕೆ ಕರೆದರು. "ನಿಮಗೆ ಒಂದು ವಿಷಯ ಗೊತ್ತಿಲ್ಲ ಬಾಯಮ್ಮ. ಇವ ಹರಕೆ ಹೇಳಿದ್ದಾನೆ. ಕೇತಣ್ಣ ಜೀವಂತ ಊರಿಗೆ ಹೋದರೆ ತನ್ನ ಕಾಲೂ ಸರಿ ಆಗ್ತದೆ ಅಂತ. ಊರಿನ ದೈವಕ್ಕೆ ಒಂದು ಕೋಳಿ."

"ಪುಸ್ತಕದಲ್ಲಿರುವವನಿಗೆ ಹರಕೆಯಾ?"

"ನಗಬೇಡಿ. ದರ್ಗಾಕ್ಕೆ ನಾನೂ ಒಂದು ಹೇಳಿದ್ದೇನೆ."

ನಾನು ನಗಲಿಲ್ಲ. ಆ ಭಾನುವಾರ ಇಗರ್ಜಿಯಲ್ಲಿ ನಾನೂ ಒಂದು ಮೇಣದಬತ್ತಿ ಹಚ್ಚಿದೆ. ಸೇಸಪ್ಪನ ಕಾಲಿಗೆ ಎಂದು ನನಗೆ ನಾನೇ ಹೇಳಿಕೊಂಡೆ.

ಇನ್ನು ಎಂಟನೇ ಪುಸ್ತಕ ಹುಡುಕಬೇಕು. ಪ್ರೆಸ್ಸಿನ ವಿಳಾಸಕ್ಕೆ ಕಾಗದ ಬರೆದೆ, ಅಂಥ ಪ್ರೆಸ್ಸೇ ಇಲ್ಲವೆಂದು ವಾಪಸು ಬಂತು. ಆ ದಿನಗಳಲ್ಲಿ ನಮ್ಮ ಕಡೆ ಏನು ಬೇಕಿದ್ದರೂ ಬಸ್ಸಿನವರೇ ಗತಿ. ಮದ್ದಿನ ಶೀಸೆ, ಮದುವೆಯ ಕಾಗದ, ಮನೆಗೆ ಹೇಳಬೇಕಾದ ಸುದ್ದಿ ಎಲ್ಲವೂ ಬಸ್ಸಿನಲ್ಲೇ ಹೋಗುತ್ತಿತ್ತು. ನಾನು ಕಡಬ ಬಸ್ಸಿನ ಕಂಡಕ್ಟರನಿಗೆ ಹೇಳಿದೆ. ಅವನು ಸುಳ್ಯ ಬಸ್ಸಿನವನಿಗೂ ಉಪ್ಪಿನಂಗಡಿಯಲ್ಲಿ ಸಿಗುವ ಉಳಿದ ಬಸ್ಸಿನವರಿಗೂ ಹೇಳಿದ. ಕತ್ತಿ ಹಿಡಿದವನ ಚಿತ್ರದ ಸಣ್ಣ ಪುಸ್ತಕ, ಮೇಲೆ ಎಂಟು ಎಂದು ಬರೆದಿರಬೇಕು, ಆಸ್ಪತ್ರೆಯ ಬಾಯಮ್ಮನಿಗೆ ಬೇಕು. ಪ್ರತಿ ಸ್ಟಾಪಿನಲ್ಲೂ ಟಿಕೆಟಿನ ಜೊತೆ ಇಷ್ಟು ಹೇಳಿಕೊಂಡು ಹೋದರು.

ಮಾವ ಬಂದುಹೋದ ಒಂಬತ್ತನೆಯ ದಿನ, ಮಂಗಳವಾರ, ಪುಸ್ತಕ ಬಂತು. ನೆಲ್ಯಾಡಿಯಿಂದ. ಕೇರಳದಿಂದ ಬಂದು ಅಲ್ಲಿ ಕಾಡು ಕಡಿದು ರಬ್ಬರು ನೆಟ್ಟ ವರ್ಗೀಸ್ ಎಂಬವರು ಕಳಿಸಿದ್ದರು. ಜೊತೆಗೆ ಒಂದು ಚೀಟಿ, ಒಂದನೇ ಕ್ಲಾಸಿನ ಮಕ್ಕಳ ಹಾಗೆ ಗುಂಡು ಗುಂಡು ಅಕ್ಷರ: "ಸಿಸ್ಟರ್ ಅವರಿಗೆ. ನನ್ನ ಹತ್ತಿರ ಎಂಟನೇ ಪುಸ್ತಕ ಮಾತ್ರ ಉಂಟು. ಇದರಿಂದಲೇ ನಾನು ಕನ್ನಡ ಓದಲು ಕಲಿತದ್ದು. ಇವನು ಕತ್ತಿ ತೆಗೆಯಲಿಕ್ಕೆ ಯಾಕೆ ಇಷ್ಟು ಹೆದರುತ್ತಾನೆ ಎಂದು ಆರು ವರ್ಷದಿಂದ ಯೋಚಿಸುತ್ತಿದ್ದೇನೆ. ಮೊದಲಿನ ಪುಸ್ತಕಗಳು ನಿಮ್ಮಲ್ಲಿ ಇದ್ದರೆ ದಯಮಾಡಿ ಓದಲು ಕೊಡಬೇಕು."

ಚಹಾದ ಹೊತ್ತಿಗೆ ಬಟ್ಟೆ ಇಡುವ ಕೋಣೆಯ ಬಾಗಿಲು ಹಾಕಿಕೊಂಡು ನಾನೇ ಮೊದಲು ಓದಿದೆ. ಮೂಗು ಮುರಿದವಳು ಇವಳೇ. ತೊಂಬತ್ತು ಪುಟ ಒಂದೇ ಉಸಿರಿಗೆ. ಒಳಗಿನವರ ಅಳು ಕೇಳಲಾರದೆ ಕೇತಣ್ಣ ಏಳನೆಯ ಸಲ ಕತ್ತಿ ತೆಗೆಯುತ್ತಾನೆ. ಬಾಗಿಲು ಪುಡಿಯಾಗುತ್ತದೆ, ಜನ ಹೊರಗೆ ಓಡಿ ಬರುತ್ತಾರೆ, ಅವನು ಹೊಸ್ತಿಲ ಮೇಲೆ ಬಿದ್ದು ಸಾಯುತ್ತಾನೆ. ನಾನು ಅತ್ತೆ. ಹನ್ನೊಂದು ವರ್ಷದ ಸರ್ವಿಸ್ಸಿನಲ್ಲಿ ಎಷ್ಟೋ ಸಾವು ಕಂಡು ಗಟ್ಟಿಯಾಗಿದ್ದೇನೆ ಎಂದುಕೊಂಡವಳು ಒಂದು ತೌಡು ಬಣ್ಣದ ಪುಸ್ತಕಕ್ಕೆ ಅತ್ತೆ.

ಅಳು ನಿಂತ ಮೇಲೆ ಹೆದರಿಕೆ ಹಿಡಿಯಿತು. ಪುಸ್ತಕ ಬರಲಿಲ್ಲ ಎಂದರೆ ಸೇಸಪ್ಪ ಬೇಸತ್ತು ಭಾನುವಾರ ಮಾವನ ಜೊತೆ ಹೋಗುತ್ತಾನೆ. ಬಂತೆಂದು ಓದಿಸಿದರೆ ಕೇತಣ್ಣ ಸಾಯುತ್ತಾನೆ, ಅದರೊಂದಿಗೆ ತನ್ನ ಕಾಲೂ ಹೋಯಿತೆಂದು ಹೋಗುತ್ತಾನೆ. ಎತ್ತ ತಿರುಗಿದರೂ ಗೋಡೆ. ಪುಸ್ತಕವನ್ನು ಕಪಾಟಿನಲ್ಲಿ ಬೆಡ್‌ಶೀಟುಗಳ ಅಡಿಗೆ ತುರುಕಿದೆ. "ಬಸ್ಸಿನಲ್ಲಿ ಬಂತಾ ಬಾಯಮ್ಮ?" ಎಂದು ಸೇಸಪ್ಪ ಕೇಳಿದರೆ ಇಲ್ಲ ಎಂದೆ. ರೋಗಿಗೆ ಸುಳ್ಳು ಹೇಳಿದ್ದು ಅದೇ ಮೊದಲು.

ಗುರುವಾರ ಸಂಜೆಗೆ ಅದು ಹೊರಬಿತ್ತು. ಅಷ್ಟರಲ್ಲಿ ಬ್ಯಾರಿಗಳು ಕೋಲು ಹಿಡಿದು ಗೇಟಿನವರೆಗೆ ನಡೆಯುತ್ತಿದ್ದರು. ಕಂಡಕ್ಟರನೇ ಅವರಿಗೆ ಹೇಳಿದ್ದ. ಅವರು ನೇರ ನನ್ನ ಮೇಜಿಗೆ ಬಂದು ಕೈ ಚಾಚಿದರು. ಪುಸ್ತಕ ಕೊಟ್ಟೆ. ನಿಂತಲ್ಲೇ ಕೊನೆಯ ನಾಲ್ಕು ಪುಟ ಓದಿದರು, ಕನ್ನಡಕ ತೆಗೆದು ಒರೆಸಿಕೊಂಡರು.

"ಕೊನೆಯದನ್ನು ಸ್ವಲ್ಪ ಬದಲಾಯಿಸಿ ಓದಿ ಬ್ಯಾರಿಗಳೇ," ಎಂದೆ ನಾನು. "ಜೀವ ಹೋಗಲಿಲ್ಲ, ಊರಿಗೆ ಹೋದ ಅಂತ. ಅವನಿಗೆ ಓದು ಬರುವುದಿಲ್ಲವಲ್ಲ."

"ಮೂವತ್ತು ವರ್ಷ ತಕ್ಕಡಿ ಹಿಡಿದವ ನಾನು," ಎಂದರು ಬ್ಯಾರಿಗಳು, ಕೋಪವಿಲ್ಲದೆಯೇ. "ಕಡಿಮೆ ತೂಗಿದ್ದು ಗಿರಾಕಿಗೆ ಮನೆಗೆ ಹೋದ ಮೇಲೆ ಗೊತ್ತಾಗಿಯೇ ಆಗ್ತದೆ. ಇದ್ದದ್ದು ಇದ್ದ ಹಾಗೆ ಓದುದಾದರೆ ನಾನು. ಬೇರೆ ಓದುದಾದರೆ ನೀವು," ಎಂದು ಪುಸ್ತಕವನ್ನು ನನ್ನ ಮೇಜಿನ ಮೇಲೆ ಇಟ್ಟು ಹೋದರು.

ಡಾಕ್ಟರ ಬಳಿ ಹೋದೆ. ಅವರು ಎಲ್ಲ ಕೇಳಿ, "ಮೂಳೆ ನನ್ನ ಇಲಾಖೆ ಸಿಸ್ಟರ್, ಕಥೆ ನಿಮ್ಮದು," ಎಂದುಬಿಟ್ಟರು. ರಾತ್ರಿ ನಿದ್ದೆ ಬರಲಿಲ್ಲ. ಬದಲಾಯಿಸಿ ಓದಲು ನನಗೂ ಬಾಯಿ ಬರುವುದಿಲ್ಲ ಎಂದು ಗೊತ್ತಾಯಿತು. ಶುಕ್ರವಾರ ಬೆಳಿಗ್ಗೆ ಪುಸ್ತಕ ಬ್ಯಾರಿಗಳ ಕೈಗೆ ಹೋಯಿತು.

ಶುಕ್ರವಾರ ಅರ್ಧ, ಶನಿವಾರ ಅರ್ಧ. ಶನಿವಾರ ನಾನು ಪರದೆಯ ಹಿಂದೆ ನಿಲ್ಲಲಿಲ್ಲ, ಸ್ಟೂಲು ಎಳೆದು ಒಂಬತ್ತನೇ ಹಾಸಿಗೆಯ ಪಕ್ಕದಲ್ಲೇ ಕೂತೆ. ಬ್ಯಾರಿಗಳು ಎಂದಿನಂತೆ ಸಾಮಾನಿನ ಪಟ್ಟಿ ಓದುವ ಹಾಗೆಯೇ ಓದಿದರು. ಬಾಗಿಲು ಪುಡಿಯಾಯಿತು. ಜನ ಹೊರಬಂದರು. ಕೇತಣ್ಣ ಬಿದ್ದ. ಪುಸ್ತಕ ಮುಚ್ಚಿದರು. ಮಾಸ್ಟ್ರು ಮೂಗು ಒರೆಸಿಕೊಂಡರು. ನಾನು ಸೇಸಪ್ಪನ ಮುಖ ನೋಡಲಾರದೆ ಅವನ ಕಾಲಿನ ಹಗ್ಗವನ್ನು ನೋಡುತ್ತಾ ಕೂತೆ.

"ಬ್ಯಾರಿಗಳೇ," ಎಂದ ಸೇಸಪ್ಪ ಕೊನೆಗೆ. "ಅದು ಎಷ್ಟನೇ ಅಮಾಸೆ?"

ಬ್ಯಾರಿಗಳು ಹಾಳೆ ತಿರುಗಿಸಿದರು. "ಅವ ಬಾಗಿಲಲ್ಲಿ ಕೂತ ಮೇಲೆ ಎರಡನೆಯದು."

"ಮೊದಲಿನ ಪುಸ್ತಕದಲ್ಲಿ ಆ ಅಜ್ಜಿ ಎಂತ ಹೇಳಿದ್ದು? ಕಾರ್ಮುಗಿಲ ಕೋಟೆಯ ವಿಷಯ. ಒಮ್ಮೆ ಓದಿ ನೋಡಿ."

ಬ್ಯಾರಿಗಳು ದಿಂಬಿನ ಅಡಿಯಿಂದ ಮೊದಲ ಪುಸ್ತಕ ತೆಗೆದು ಹುಡುಕಿದರು. ಐದು ನಿಮಿಷವಾಯಿತು. ಆಮೇಲೆ ಓದಿದರು: ಮೂರನೆಯ ಅಮಾವಾಸ್ಯೆಗೆ ಆ ಕೋಟೆಯ ಬಾಗಿಲು ತಾನಾಗಿ ತೆರೆಯುತ್ತದೆ, ಅಲ್ಲಿಯವರೆಗೆ ತಾಳಿದವನಿಗೆ ಕತ್ತಿಯ ಹಂಗಿಲ್ಲ.

ನಮಗೆ ಯಾರಿಗೂ ಅದು ನೆನಪಿರಲಿಲ್ಲ. ಓದಿದ ಬ್ಯಾರಿಗಳಿಗೂ ಇಲ್ಲ, ಬಹುಮಾನ ಪಡೆದ ನನಗೂ ಇಲ್ಲ. ಬರೆದವನಿಗೂ ಕೇತಣ್ಣನಿಗೂ ನೆನಪಿತ್ತೋ ಇಲ್ಲವೋ ದೇವರೇ ಬಲ್ಲ. ಓದು ಬಾರದ ಸೇಸಪ್ಪ ಒಂದೂವರೆ ತಿಂಗಳ ಹಿಂದೆ ಒಮ್ಮೆ ಕೇಳಿದ್ದನ್ನು ಜೋಪಾನವಾಗಿ ಇಟ್ಟುಕೊಂಡಿದ್ದ.

"ಇನ್ನೊಂದು ಅಮಾಸೆ ಕಾಯಲಿಕ್ಕೆ ಎಂತ ದಾಡಿ ಅವನಿಗೆ?" ಎಂದ. ಅವನಿಗೆ ದುಃಖವಾಗಿರಲಿಲ್ಲ, ಸಿಟ್ಟು ಬಂದಿತ್ತು. "ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳುದಾ?"

"ಒಳಗೆ ಜನ ಅಳ್ತಾ ಇದ್ದರಲ್ಲ ಮಾರಾಯ," ಎಂದರು ಬ್ಯಾರಿಗಳು.

"ಅಳ್ತಾ ಇದ್ದರು, ಸಾಯ್ತಾ ಇರಲಿಲ್ಲ. ಎರಡು ಹೊತ್ತು ಗಂಜಿ ಕೊಡ್ತಿದ್ದರು. ಏಳನೇ ಪುಸ್ತಕದಲ್ಲಿ ನೀವೇ ಓದಿದ್ದು."

ಅಲ್ಲಿಂದ ಶುರುವಾದ ವಾದ ಊಟದ ಗಂಟೆಗೂ ನಿಲ್ಲಲಿಲ್ಲ. ತನ್ನ ಜೀವ ಕೊಟ್ಟು ಊರು ಉಳಿಸಿದವನು ದೊಡ್ಡವನು ಎಂದು ಬ್ಯಾರಿಗಳೂ ಮಾಸ್ಟ್ರೂ. ಕಾದು ಕೂತು ಜೀವವನ್ನೂ ಊರನ್ನೂ ಉಳಿಸಿಕೊಳ್ಳಬಹುದಿತ್ತು ಎಂದು ಸೇಸಪ್ಪ. ನಾನು ಬ್ಯಾರಿಗಳ ಪಕ್ಷ, ಅದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟೆ. ಡ್ಯೂಟಿಯಲ್ಲಿರುವ ಸಿಸ್ಟರ್ ರೋಗಿಯ ಜೊತೆ ಕೋಟೆಯ ಬಾಗಿಲಿನ ವಿಷಯಕ್ಕೆ ಜಗಳವಾಡುವುದನ್ನು ನಮ್ಮ ಡಾಕ್ಟರು ಬಾಗಿಲಲ್ಲಿ ನಿಂತು ಕೇಳಿ, ಹಾಗೆಯೇ ಹಿಂದೆ ಹೋದರಂತೆ.

ಭಾನುವಾರ ಬೆಳಿಗ್ಗೆ ಮಾವ ಬಂದರು. ಜೊತೆಗೆ ಇಬ್ಬರು ಗಟ್ಟಿ ಆಳುಗಳು, ಎರಡು ಬಿದಿರು ಕಟ್ಟಿದ ಒಂದು ಕುರ್ಚಿ. ನಾನು ಒಂಬತ್ತನೇ ಹಾಸಿಗೆಯ ಪಕ್ಕಕ್ಕೆ ಹೋಗಿ ನಿಂತೆ. ಹಿಂದಿನ ಸಂಜೆಯ ವಾದ ವಾದವಷ್ಟೇ, ಹರಕೆ ಮುರಿದದ್ದು ರಾತ್ರಿ ಕಳೆದ ಮೇಲೆ ತಾನೇ ಮನಸ್ಸಿಗೆ ನಾಟುವುದು.

"ಮಾವ, ಕೇತಣ್ಣ ಸತ್ತ," ಎಂದ ಸೇಸಪ್ಪ.

ಮಾವ ಮುಂಡಾಸು ತೆಗೆದು ಕೈಯಲ್ಲಿ ಹಿಡಿದರು. "ಪಾಪ. ಎಷ್ಟು ಪ್ರಾಯ?"

"ನನ್ನದೇ ಪ್ರಾಯ. ಒಂದು ತಿಂಗಳು ತಡೆದಿದ್ದರೆ ಬದುಕ್ತಿದ್ದ. ಅವಸರ ಮಾಡಿದ. ನಾನು ಈಗ ಬರುದಿಲ್ಲ ಮಾವ. ನಾಲ್ಕು ವಾರ ಬಿಟ್ಟು ಬಸ್ಸಿನಲ್ಲಿ ನಾನೇ ಬರ್ತೇನೆ."

ಮಾವ ಖಾಲಿ ಹಾಸಿಗೆಯೊಂದನ್ನು ನೋಡಿ ಕೈ ಮುಗಿದರು. ಅವಸರ ಮಾಡಿ ಸತ್ತವನ ಹಾಸಿಗೆ ಅದೇ ಎಂದು ತಿಳಿದಿರಬೇಕು. ನಾವು ಯಾರೂ ತಿದ್ದಲಿಲ್ಲ. ಕುರ್ಚಿ ಬಂದ ಹಾಗೆಯೇ ವಾಪಸು ಹೋಯಿತು.

ಮಧ್ಯಾಹ್ನ ಜ್ವರ ನೋಡುವಾಗ ನಾನು ಧೈರ್ಯ ಮಾಡಿ ಕೇಳಿದೆ. "ಮತ್ತೆ ಹರಕೆ, ಸೇಸಪ್ಪ?"

"ಅವ ಕಾಯಲಿಲ್ಲ, ಅದು ಅವನ ಕರ್ಮ. ನಾನು ಕಾಯ್ತೇನೆ. ನಡೆದ ಮೇಲೆ ಕೋಳಿ ನನ್ನದೇ ಹೆಸರಲ್ಲಿ ಕೊಡುದು."

ಅವನ ಸಣ್ಣ ಮಾತಿನ ಎದುರು ನನ್ನ ಕಪಾಟಿನ ಕೆಲಸ ನಾಚಿಕೆ ತರಿಸಿತು. "ಪುಸ್ತಕ ಮಂಗಳವಾರವೇ ಬಂದಿತ್ತು," ಎಂದೆ. "ಮೂರು ದಿನ ಬಚ್ಚಿಟ್ಟೆ. ನೀನು ತಡೆದುಕೊಳ್ಳಲಾರೆ ಎಂದು."

"ಬಂದದ್ದು ಗೊತ್ತಿತ್ತು ಬಾಯಮ್ಮ," ಎಂದ ಅವನು. "ಮೂರು ದಿನ ನೀವು ಯಾರಿಗೂ ಬೈಯಲಿಲ್ಲ. ಕೇತಣ್ಣನಿಗೆ ಎಂತದೋ ಆಗಿದೆ ಅಂತ ಆವಾಗಲೇ ಅಂದಾಜು ಮಾಡಿದೆ."

ಮಿಕ್ಕ ನಾಲ್ಕು ವಾರ ಅವನು ಮರಳಿನ ಚೀಲದ ಕಡೆಗೆ ಯಾರನ್ನೂ ಬಿಡಲಿಲ್ಲ. ಗುಡಿಸುವವಳ ಪೊರಕೆ ತಗಲಿದರೂ ಬೈಯುತ್ತಿದ್ದ. ಜನವರಿಯ ಕೊನೆಯಲ್ಲಿ ವಿದ್ಯುತ್ ಇದ್ದ ಒಂದು ಬೆಳಿಗ್ಗೆ ನೋಡಿ ಎಕ್ಸ್‌ರೇ ತೆಗೆದೆವು. ಮುರಿದ ಜಾಗದ ಸುತ್ತ ಹೊಸ ಮೂಳೆ, ಕ್ಯಾಲಸ್ ಎನ್ನುತ್ತಾರೆ, ಬಿಳಿ ಗಂಟಿನಂತೆ ಚೆನ್ನಾಗಿ ಕಟ್ಟಿತ್ತು. ಪಿನ್ನು ತೆಗೆದು ಅಳೆದರೆ ಕೊರತೆ ಕಾಲು ಇಂಚು. ಅಷ್ಟು ವ್ಯತ್ಯಾಸ ಹುಟ್ಟಿನಿಂದಲೇ ಇರುವವರು ಎಷ್ಟೋ ಜನ. ಊರುಗೋಲಿನಲ್ಲಿ ಮೂರು ವಾರ ಅಭ್ಯಾಸ ಮಾಡಿ, ಮಾವನಿಗೆ ಹೇಳಿದ್ದಕ್ಕಿಂತ ತಡವಾಗಿಯಾದರೂ, ಕಡಬ ಬಸ್ಸಿನ ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿದ. ಹುಣ್ಣು ಒಣಗಿ ಮೊದಲೇ ಮನೆಗೆ ಹೋಗಿದ್ದ ಬ್ಯಾರಿಗಳು ಅದನ್ನು ನೋಡಲೆಂದೇ ಅರಂತೋಡಿನಿಂದ ಬಂದಿದ್ದರು. ಎಂಟು ಪುಸ್ತಕಗಳೂ ಒಂದೇ ಕಟ್ಟಾಗಿ ನೆಲ್ಯಾಡಿಗೆ ಹೋದವು. ಅಲ್ಲಿಂದ ಎಲ್ಲಿಗೆ ಹೋದವೋ, ಮನೆಯಿಂದ ಮನೆಗೆ ಹೋಗುತ್ತಿವೆ ಎಂದು ಕಂಡಕ್ಟರ್ ಒಂದೆರಡು ವರ್ಷ ಸುದ್ದಿ ಕೊಡುತ್ತಿದ್ದ.

ಆಮೇಲೆ ಇಪ್ಪತ್ತಾರು ವರ್ಷ ನಾನು ಬೇರೆ ಬೇರೆ ವಾರ್ಡುಗಳಲ್ಲಿ ದುಡಿದೆ. ಮನೆಯವರು ಎಷ್ಟೋ ಸಲ ನನ್ನನ್ನು ಬಾಗಿಲ ಹೊರಗೆ ಕರೆದು, ಅವರಿಗೆ ಹೇಳಬೇಡಿ ಸಿಸ್ಟರ್, ತಡೆದುಕೊಳ್ಳುವುದಿಲ್ಲ ಎಂದು ಕೈ ಹಿಡಿದಿದ್ದಾರೆ. ನಾನು ಅವರನ್ನು ಬೈದಿಲ್ಲ, ಒಮ್ಮೆ ನಾನೇ ಮಾಡಿದ ಕೆಲಸ ಅದು. ತಡೆದುಕೊಳ್ಳಲಾರದೆ ಇದ್ದವಳು ನಾನು, ಕಾಲು ಕಟ್ಟಿಸಿಕೊಂಡು ಮಲಗಿದ್ದ ಸೇಸಪ್ಪನಲ್ಲ. ರೋಗಿ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದ್ದೇನೆ, ಹೇಳಿ ಮುಗಿದ ಮೇಲೆ ಎದ್ದು ಹೋಗದೆ ಅವರು ಮಾತಾಡುವವರೆಗೆ ಪಕ್ಕದಲ್ಲಿ ಕೂತಿದ್ದೇನೆ.